ತೀರ್ಪಿಗೆ ಮುಂಚಿನ ತೀರ್ಪು

ಅಪರಾಧ ಸ್ಥಿರಪಟ್ಟ ಬಳಿಕವೇ ಶಿಕ್ಷೆ ಎಂಬುದು ನ್ಯಾಯದ ಸಹಜವಾದ ಕ್ರಮ. ಈ ಕ್ರಮವನ್ನು ಬಾಯಿಮಾತಿನಲ್ಲಿ ಅಲ್ಲಗಳೆಯುವವರು ವಿರಳ. ಆದರೆ ನಮ್ಮ ದೇಶದ ಸೆರೆಮನೆಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ವಿಚಾರಣೆ ಮುಗಿಯದವರು, ಎಂದರೆ ಕಾನೂನಿನ ದೃಷ್ಟಿಯಲ್ಲಿ ನಿರಪರಾಧಿಗಳು, ಎಂಬ ಸಂಗತಿಯನ್ನು ಎದುರಿಗಿಟ್ಟುಕೊಂಡರೆ, ಆಚರಣೆಯಲ್ಲಿ ನಾವು ಈ ಕ್ರಮವನ್ನು ತಿರುವುಮುರುವು ಮಾಡಿರುವೆವೆಂದು ಒಪ್ಪಬೇಕಾಗುವುದು.

2020ರ ಏಪ್ರಿಲಿನಲ್ಲಿ ಬೆಂಗಳೂರಿನ ಪಾದರಾಯನಪುರದ ಗಲಭೆಯ ಸಂಬಂಧದಲ್ಲಿ ಬಂಧಿತರಾದ ನೂರಕ್ಕೂ ಹೆಚ್ಚು ಮಂದಿಯನ್ನು ರಾಮನಗರದ ಕಾರಾಗೃಹಕ್ಕೆ ತಂದಿರಿಸಿದುದೂ, ಅವರಲ್ಲಿ ಕೆಲವರಿಗೆ ಕೊರೋನಾ ಸೋಂಕಿರುವುದು ತಿಳಿದೊಡನೆ ಕೆಲವೇ ದಿನಗಳಲ್ಲಿ ಅವರನ್ನೆಲ್ಲ ಬೆಂಗಳೂರಿನ ಹಜ್ ಭವನಕ್ಕೆ ಸಾಗಿಸಿದುದೂ ರಾಮನಗರದ ಸೀಮೆಯವರಿಗೆ ಮರೆತಿರಲಾರದು. ಸೋಂಕಿಲ್ಲದ ಜಿಲ್ಲೆಗೆ ಸೋಂಕನ್ನು ತಂದರೆಂಬ ಆಕ್ರೋಶ ಅಂದು ಎದ್ದಿತು; ಅದು ನ್ಯಾಯವಾದುದೇ. ಆದರೆ ಮೊಕದ್ದಮೆಯ ಮೊದಲ ಸಾಕ್ಷಿಯೂ ನುಡಿಯುವುದಕ್ಕೆ ಮುನ್ನ ಇಷ್ಟು ಜನರನ್ನು ವ್ಯಾಧಿಯ ಕಾಲದಲ್ಲಿ ಒಂದೇ ಸೂರಿನ ಕೆಳಗೆ ತುಂಬಬೇಕಾಗಿತ್ತೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಅಷ್ಟಾಗಿ ಕೇಳಿಬರಲಿಲ್ಲ.

ಜಾಮೀನೇ ನಿಯಮ, ಸೆರೆ ಅಪವಾದ ಎಂಬ ತತ್ತ್ವವನ್ನು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ 1977ರಲ್ಲಿಯೇ ಸಾರಿದ್ದರು. ಮರುವರ್ಷ ಮಧ್ಯಪ್ರದೇಶದ ಮೋತಿರಾಮನೆಂಬ ಬಡ ಗಾರೆಕೆಲಸದವನ ಮೊಕದ್ದಮೆಯಲ್ಲಿ, 10,000 ರೂಪಾಯಿಗಳ ಜಾಮೀನು ಕೇಳಿದುದಲ್ಲದೆ ಅವನ ಸೋದರನ ಆಸ್ತಿ ಬೇರೊಂದು ಜಿಲ್ಲೆಯಲ್ಲಿದೆಯೆಂಬ ಕಾರಣದಿಂದ ಅದನ್ನೂ ತಳ್ಳಿಹಾಕಿದ ಮ್ಯಾಜಿಸ್ಟ್ರೇಟರ ಕ್ರಮವನ್ನು ಅವರು ಕಟುವಾಗಿ ಆಕ್ಷೇಪಿಸಿ, ದೂರದೂರಿನಲ್ಲಿ ಸೆರೆಸಿಕ್ಕ ಕನ್ನಡಿಗನೊಬ್ಬನು ಏನು ಮಾಡಬೇಕೆಂದು ಕೇಳಿದರು. ನಮ್ಮ ಕೋರ್ಟುಗಳ ಆವರಣದಲ್ಲಿ ಇಂದಿಗೂ ಜಾಮೀನೆಂದರೆ ಪಹಣಿ. ನಾಲ್ಕು ಕುಂಟೆಯಾದರೂ ಸರಿಯೆ, ಪಹಣಿಯಲ್ಲಿ ಹೆಸರಿರುವ ನೆಂಟನೊಬ್ಬನು ಬಂದು ನಿಂತರೆ ಬಿಡುಗಡೆ. ಜಮೀನಿಲ್ಲದ ಕೂಲಿಯವನಿಗೆ ವಾಯಿದೆಯ ಮೇಲೆ ವಾಯಿದೆ.

ಮಕ್ಕಳ ವಿಷಯದಲ್ಲಿ ನಮ್ಮ ಶಾಸನವು ಬರೆಹದಲ್ಲಾದರೂ ಉದಾರವಾದುದು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು. 24 ಗಂಟೆಗಳೊಳಗೆ, ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುವ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸತಕ್ಕದ್ದು. ಆರೋಪ ಎಂತಹುದೇ ಇರಲಿ, ಜಾಮೀನುದಾರನಿಲ್ಲದೆಯೂ ಬಿಡಬಹುದು. ಆದರೆ ಬಿಟ್ಟಲ್ಲಿ ಮಗು ದುರ್ಜನರ ಸಹವಾಸಕ್ಕೆ ಬೀಳುವುದೆಂದೋ, ನೈತಿಕವಾದ, ದೈಹಿಕವಾದ ಅಥವಾ ಮಾನಸಿಕವಾದ ಅಪಾಯಕ್ಕೆ ಗುರಿಯಾಗುವುದೆಂದೋ, ನ್ಯಾಯದ ಉದ್ದೇಶ ಕೆಡುವುದೆಂದೋ ಕಂಡುಬಂದರೆ ಬಿಡದಿರಲು ಅವಕಾಶವುಂಟು. ಕರುಣೆಯಿಂದ ಹುಟ್ಟಿದ ಈ ವಾಕ್ಯ ಬಡವರ ಮಕ್ಕಳಿಗೇ ಮೊದಲು ತಗಲುವುದೆಂಬುದು ನನ್ನ ಶಂಕೆ. ತಂದೆ ಕುಡುಕ, ತಾಯಿ ಮುಂಜಾನೆ ನೂಲು ಬಿಚ್ಚುವ ಫಿಲೇಚರಿಗೆ ಹೋದವಳು ಕತ್ತಲಾದ ಮೇಲೆ ಮರಳುವಳು, ಇಂತಹ ಮನೆಗೆ ಕಳುಹಿಸುವುದು ಅಪಾಯವೆಂದು ವರದಿ ಬರೆಯುವುದು ಸುಲಭ; ಅನುಕೂಲಸ್ಥರ ಹುಡುಗನ ವಿಷಯದಲ್ಲಿ ಅದೇ ಲೇಖನಿ ತಡವರಿಸುವುದು. ಹೀಗೆ ಬಿಡದ ಮಕ್ಕಳನ್ನು ಇರಿಸುವ ತಾಣಕ್ಕೆ ವೀಕ್ಷಣಾಲಯವೆಂಬ ಸೌಮ್ಯವಾದ ಹೆಸರಿದ್ದರೂ, ಹೊರಗಿನಿಂದ ಬೀಗ ಬೀಳುವ ಮನೆ ಮಗುವಿನ ಪಾಲಿಗೆ ಸೆರೆಯೇ.

ಹಣವೂ ಹಣವಿಲ್ಲದಿರುವಿಕೆಯೂ ಮಗುವಿನ ಬಾಳನ್ನು ಎಲ್ಲಿಗೆ ಒಯ್ಯಬಲ್ಲವೆಂಬುದಕ್ಕೆ ನ್ಯೂಯಾರ್ಕಿನ ಒಂದು ದೃಷ್ಟಾಂತ ಸಾಕು. ಅಲ್ಲಿ ಆಗ ಹದಿನಾರು ತುಂಬಿದವನನ್ನು ವಯಸ್ಕನೆಂದೇ ಎಣಿಸುತ್ತಿದ್ದರು. 2010ರಲ್ಲಿ ಬೆನ್ನುಚೀಲವೊಂದನ್ನು ಕದ್ದನೆಂಬ ಆರೋಪದ ಮೇಲೆ ಹಿಡಿಯಲ್ಪಟ್ಟ ಹದಿನಾರರ ಹುಡುಗನೊಬ್ಬನು, ಮೊದಲಿಗೆ ಕೇಳಿದ 3,000 ಡಾಲರುಗಳನ್ನು ಮನೆಯವರು ಹೊಂದಿಸಲಾರದೆ ಹೋದುದರಿಂದ ರೈಕರ್ಸ್ ದ್ವೀಪದ ಸೆರೆಯಲ್ಲಿ ಸುಮಾರು ಮೂರು ವರ್ಷ, ಬಹುಭಾಗ ಏಕಾಂತ ಬಂಧನದಲ್ಲಿ, ಕಳೆದನು. 2013ರಲ್ಲಿ ವಿಚಾರಣೆಯೇ ನಡೆಯದೆ ಆರೋಪವನ್ನು ಕೈಬಿಟ್ಟರು. 2015ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡನು. ವಯಸ್ಸಿನ ಮಿತಿಯನ್ನೇರಿಸುವ ಶಾಸನವನ್ನು ಆ ರಾಜ್ಯ ಮಾಡಿದ್ದು 2017ರಲ್ಲಿ.

ನಾವಾದರೋ ಅದೇ ಹೊತ್ತಿಗೆ ವಿರುದ್ಧ ದಿಕ್ಕಿನಲ್ಲಿ ಹೆಜ್ಜೆಯಿಟ್ಟೆವು. ಕನಿಷ್ಠ 7 ವರ್ಷಗಳ ಶಿಕ್ಷೆಯುಳ್ಳ ಘೋರ ಅಪರಾಧದ ಆರೋಪ ಬಂದಲ್ಲಿ, ಹದಿನಾರು ತುಂಬಿ ಹದಿನೆಂಟು ತುಂಬದವನಿಗೆ ಆ ಕೃತ್ಯವನ್ನೆಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯವಿತ್ತೆ, ಅದರ ಪರಿಣಾಮವನ್ನು ಅರಿಯುವ ಶಕ್ತಿಯಿತ್ತೆ, ಯಾವ ಸನ್ನಿವೇಶದಲ್ಲಿ ಅದನ್ನು ಎಸಗಿದನೆನ್ನಲಾಗಿದೆ ಎಂಬುದನ್ನು ಮಂಡಳಿಯು 3 ತಿಂಗಳೊಳಗೆ ಪರಿಶೀಲಿಸಿ, ತಕ್ಕುದೆಂದು ತೋರಿದರೆ ವಯಸ್ಕನಂತೆ ವಿಚಾರಿಸಲು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದೆಂದು 2015ರ ಅದೇ ಬಾಲನ್ಯಾಯ ಕಾಯಿದೆಯ 15ನೆಯ ಕಲಮು ಹೇಳುವುದು. ಮರಣದಂಡನೆಯನ್ನೂ ಬಿಡುಗಡೆಯ ಆಸೆಯಿಲ್ಲದ ಜೀವಾವಧಿಯನ್ನೂ ವಿಧಿಸುವಂತಿಲ್ಲ ಎಂಬುದು ನಿಜ. ಆದರೆ ದೋಷವಿರುವುದು ಶಿಕ್ಷೆಯ ಪ್ರಮಾಣದಲ್ಲಲ್ಲ, ಪ್ರಶ್ನೆಯ ಹೊತ್ತಿನಲ್ಲಿ. ಕೃತ್ಯವನ್ನು ಅವನೇ ಮಾಡಿದನೆಂದು ಇನ್ನೂ ಯಾರೂ ಸಾಧಿಸಿಲ್ಲ. ಆದರೂ ಅದನ್ನು ಮಾಡುವಾಗ ಅವನ ಮನಸ್ಸು ಎಷ್ಟು ಪಕ್ವವಾಗಿತ್ತೆಂದು ಕೇಳುವರು. ತಾನು ಮಾಡಲೇ ಇಲ್ಲವೆನ್ನುವ ಹುಡುಗನು ಈ ಪ್ರಶ್ನೆಗೆ ಏನೆಂದು ಉತ್ತರಿಸಬೇಕು? ಅವನ ನಿರಾಕರಣೆಯನ್ನು ಮೌಲ್ಯಮಾಪಕನು ಸತ್ಯವೆಂದು ಎಣಿಸಿದರೆ ಮೌಲ್ಯಮಾಪನಕ್ಕೆ ವಸ್ತುವೇ ಇಲ್ಲ. ಸುಳ್ಳೆಂದು ಎಣಿಸಿದರೆ ತೀರ್ಪು ಅಲ್ಲಿಯೇ ಆಗಿಹೋಯಿತು. ಇದು ಸೂಕ್ಷ್ಮವಾದ ಕಾರ್ಯವೆಂದೂ ಮಂಡಳಿಯಲ್ಲಿ ಮನೋವಿಜ್ಞಾನ ಬಲ್ಲವರಿಲ್ಲದಿದ್ದರೆ ತಜ್ಞರ ನೆರವನ್ನು ಪಡೆಯಲೇಬೇಕೆಂದೂ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ಒಳ್ಳೆಯ ಮಾತು, ಆದರೆ ತಜ್ಞನಾದರೂ ತಿಂಗಳುಗಳ ಹಿಂದಿನ ಒಂದು ಕ್ಷಣದ ಮನಸ್ಸನ್ನು ಯಾವ ಬಳ್ಳದಿಂದ ಅಳೆಯುವನು?

ಇನ್ನು ವಯಸ್ಸು. ಅದನ್ನು ನಿರ್ಣಯಿಸುವಾಗ ಶಾಲೆಯ ದಾಖಲೆಗೇ ಮೊದಲ ಮನ್ನಣೆ. ಚನ್ನಪಟ್ಟಣ, ಮಾಗಡಿಗಳ ಹಳ್ಳಿಗಳಲ್ಲಷ್ಟೇ ಅಲ್ಲ, ಕನ್ನಡನಾಡಿನುದ್ದಕ್ಕೂ ಜೂನ್ 1ರಂದು ಹುಟ್ಟಿದವರ ಸಂಖ್ಯೆ ನಿಸರ್ಗಕ್ಕೆ ಮೀರಿದುದು. “ರಾಗಿ ಕುಯ್ಯೋ ಕಾಲ್ದಲ್ಲಿ ಹುಟ್ದ, ಮೇಷ್ಟ್ರೆ” ಎಂದು ತಾಯಿ ಹೇಳುವಳು. ಮೇಷ್ಟರು ಒಂದನೆಯ ತರಗತಿಗೆ ಸೇರಿಸಲು ಬೇಕಾದ ವಯಸ್ಸನ್ನು ಹಿಂದಕ್ಕೆ ಲೆಕ್ಕಹಾಕಿ, ಹುಡುಗನ ಒಂದು ವರ್ಷ ಉಳಿಯಲೆಂಬ ಸದಭಿಪ್ರಾಯದಿಂದಲೇ ಜೂನ್ 1 ಎಂದು ಬರೆಯುವರು. ಮುಂದೊಂದು ದಿನ ಹದಿನೈದು ವರ್ಷ ಹತ್ತು ತಿಂಗಳ ಆ ಹುಡುಗ ಕಾಗದದಲ್ಲಿ ಹದಿನಾರು ವರ್ಷ ಮೂರು ತಿಂಗಳಿನವನಾಗಿ 15ನೆಯ ಕಲಮಿನ ಅಂಕೆಗೆ ಬರುವನು. ಆಸ್ಪತ್ರೆಯ ಹೆರಿಗೆಗಳೂ ಜನನಪತ್ರಗಳೂ ಹೆಚ್ಚಿದ ಮೇಲೆ ಈ ಅನಾಹುತ ತಗ್ಗಿದೆ. ಆದರೆ ಶಾಸನದ ಕೈಗೆ ಹೆಚ್ಚಾಗಿ ಸಿಕ್ಕುವವರು ಪತ್ರಗಳು ನೆಟ್ಟಗಿಲ್ಲದ ಮನೆಗಳ ಮಕ್ಕಳೇ.

ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲಿಕ್ಕುವ ನವನೀತಕೃಷ್ಣನಿಗೆ ಮಕ್ಕಳಿಲ್ಲದ ದಂಪತಿಗಳು ಹರಕೆಯ ತೊಟ್ಟಿಲುಗಳನ್ನು ಒಪ್ಪಿಸುವರು. ಕೈಯಲ್ಲಿ ಬೆಣ್ಣೆ ಹಿಡಿದ ಕಳ್ಳನನ್ನು ಹೀಗೆ ಮುದ್ದಿಸುವ ಜನವೇ ಕೊಲೆಯ ಆರೋಪ ಹೊತ್ತ ಹುಡುಗನನ್ನು ಕಂಡೊಡನೆ ನೇಣಿಗೆ ಹಾಕಿರೆಂದು ಕೂಗುವುದನ್ನು ಕಪಟವೆನ್ನಲು ನನಗೆ ಮನಸ್ಸಿಲ್ಲ. ಬೆಣ್ಣೆ ಕದ್ದುದು ಬೇರೆ, ಪ್ರಾಣ ತೆಗೆದುದು ಬೇರೆ. ಮಗಳನ್ನು ಕಳೆದುಕೊಂಡ ತಾಯಿಗೆ ಕೊಂದವನ ವಯಸ್ಸಿನಿಂದ ಯಾವ ಸಮಾಧಾನವೂ ದೊರೆಯದು. 2012ರ ಡಿಸೆಂಬರಿನ ದೆಹಲಿಯ ಘೋರಕೃತ್ಯದಲ್ಲಿ ಪಾಲ್ಗೊಂಡವರಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲವೆಂದೇ ದೇಶ ಕುದಿಯಿತು. ವಯೋಮಿತಿಯನ್ನು ಇಳಿಸಬೇಕಾಗಿಲ್ಲವೆಂದು ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ 2013ರಲ್ಲಿ ಹೇಳಿದರೂ, ಅವನು 3 ವರ್ಷ ಪೂರೈಸಿ ಹೊರಬಂದ ಎರಡೇ ದಿನಗಳಲ್ಲಿ, 2015ರ ಡಿಸೆಂಬರ್ 22ರಂದು, ರಾಜ್ಯಸಭೆ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಆ ಕಾಯಿದೆ ಅವನಿಗೆ ಅನ್ವಯಿಸಲಿಲ್ಲ, ಅನ್ವಯಿಸುವಂತೆಯೂ ಇರಲಿಲ್ಲ. ಅನ್ವಯಿಸುತ್ತಿರುವುದು ಆ ಕೃತ್ಯದ ಗಂಧವೂ ಇಲ್ಲದ ಬೇರೆ ಹುಡುಗರಿಗೆ.

ಕೃತ್ಯ ಮೊದಲು ಸ್ಥಿರಪಡಲಿ, ಅದೂ ಮಕ್ಕಳಿಗಾಗಿ ಏರ್ಪಟ್ಟ ಮಂಡಳಿಯ ಮುಂದೆಯೇ, ಬೇಗನೆ. ಹುಡುಗನ ಮನಸ್ಸು, ಮನೆ, ಮುಂದಿನ ದಾರಿಗಳ ಪ್ರಶ್ನೆ ಆಮೇಲಿನದು. 15ನೆಯ ಕಲಮನ್ನು ಸಂಸತ್ತು ಪೂರ್ತಿಯಾಗಿ ತೆಗೆದುಹಾಕುವುದೇ ಉತ್ತಮ. ಅಷ್ಟು ಧೈರ್ಯ ಸಾಲದಿದ್ದರೆ ಅದನ್ನು ವಿಚಾರಣೆಯ ಆಚೆಗಾದರೂ ಸರಿಸಲಿ.