ಡಿಸ್ಕು ತುಂಬಿದಾಗ

ಗಣಕಯಂತ್ರದ ಡಿಸ್ಕು ತುಂಬಿಹೋಯಿತೆಂದರೆ ಅದರಲ್ಲಿರುವುದನ್ನೆಲ್ಲ ಕ್ಲೌಡ್ ಸಂಗ್ರಹಕ್ಕೆ ಸಾಗಿಸಿ ನಿಶ್ಚಿಂತರಾಗುವ ಪದ್ಧತಿ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಟ್ಟಿಗೆ ರೂಢಿಯಾಗಿದೆ. ಪದ್ಧತಿಯನ್ನು ನಾನು ಹಳಿಯುವುದಿಲ್ಲ. ನಿಶ್ಚಿಂತೆಯನ್ನು ಮಾತ್ರ ಒಪ್ಪಲಾರೆ.

ಕ್ಲೌಡ್ ಎಂದರೆ ಮೋಡ. ಆದರೆ ಅಲ್ಲಿ ಆವಿಯೂ ಇಲ್ಲ, ಆಕಾಶವೂ ಇಲ್ಲ. ಇರುವುದು ದೂರದ ಯಾವುದೋ ಕಟ್ಟಡದಲ್ಲಿ ಹಗಲಿರುಳೂ ದುಡಿಯುತ್ತಿರುವ ಪರರ ಡಿಸ್ಕುಗಳ ಸಮೂಹ. ಕಿರಿದಾದ ಸಂಗ್ರಹವನ್ನು ಹಿರಿದಾದುದರ ನೆರವಿನಿಂದ ಹಿಗ್ಗಿಸುವ ಈ ಯುಕ್ತಿ ಹೊಸದೇನಲ್ಲ. ೧೯೬೨ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಗಣಕಯಂತ್ರದ ವೇಗದ ಸ್ಮೃತಿ ಬಲು ಚಿಕ್ಕದು; ಜೊತೆಗೆ ನಿಧಾನವಾದ, ಆದರೆ ದೊಡ್ಡದಾದ ಕಾಂತೀಯ ಉರುಳೆಗಳಿದ್ದುವು. ಬೇಕಾದ ಭಾಗವನ್ನು ಯಂತ್ರವೇ ಉರುಳೆಯಿಂದ ತಂದು, ಬೇಡವಾದುದನ್ನು ಹಿಂದಕ್ಕೆ ಕಳುಹಿಸುತ್ತಿದ್ದುದರಿಂದ ಬಳಸುವವನಿಗೆ ಇವೆರಡೂ ಒಂದೇ ಉಗ್ರಾಣವಾಗಿ ತೋರುತ್ತಿದ್ದುವು. ಇಂದು ಕಡತದ ಹೆಸರು ಮಾತ್ರ ನಮ್ಮಲ್ಲಿ ಉಳಿದು, ಅದರ ಒಡಲು ತೆರೆದೊಡನೆ ದೂರದಿಂದ ಬಂದು ಸೇರುವುದೂ ಇಂಥ ಯುಕ್ತಿಯಿಂದಲೇ.

ಆದರೆ ಅಟ್ಲಾಸಿನ ಉರುಳೆಗಳು ಯಂತ್ರದ ಬಳಿಯಲ್ಲಿಯೇ ಇದ್ದುವು. ನಮ್ಮ ಉಗ್ರಾಣವು ೨,೦೦೦ ಕಿಲೋಮೀಟರು ದೂರದಲ್ಲಿರಬಹುದು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಚಲಿಸುವುದರಿಂದ ಹೋಗಿಬರಲು ಸೆಕೆಂಡಿನ ಐವತ್ತರಲ್ಲೊಂದು ಭಾಗ ಬೇಕೇ ಬೇಕು. ಎಷ್ಟು ಹಣ ತೆತ್ತರೂ ಇದು ತಗ್ಗದು. ಇದು ಅಲ್ಪವೇ ಸರಿ. ನಿಜವಾದ ತೊಡಕು ದಾರಿಯ ಇಕ್ಕಟ್ಟು. ೧೦೦ ಗಿಗಾಬೈಟೆಂದರೆ ೮ ಲಕ್ಷ ಮೆಗಾಬಿಟ್. ಸೆಕೆಂಡಿಗೆ ೧೦ ಮೆಗಾಬಿಟ್ ಒಯ್ಯುವ ಸಂಪರ್ಕದಲ್ಲಿ ಇದನ್ನು ಏರಿಸಲು ೮೦,೦೦೦ ಸೆಕೆಂಡು, ಅಂದರೆ ೨೨ ಗಂಟೆಗೂ ಮಿಗಿಲಾದ ಕಾಲ ಹಿಡಿಯುತ್ತದೆ.

ಕಾಯುವುದನ್ನು ಸಹಿಸಬಹುದು. ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಒದಗಿದುದು ಬೇರೆ ಬಗೆಯ ಕಷ್ಟ. ಆಕೆ ಮೂರು ತಿಂಗಳ ಲೋಲಕ ಪ್ರಯೋಗದ ಅಳತೆಗಳನ್ನು ಕ್ಲೌಡಿಗೆ ಏರಿಸಿ, ಜಾಗವಾಗಲೆಂದು ತನ್ನ ಡಿಸ್ಕಿನಿಂದ ಅಳಿಸಿದಳು. ಆದರೆ ಆ ಕೋಶವು ಎರಡು ಕಡೆಯ ಪ್ರತಿಗಳನ್ನೂ ಸದಾ ಒಂದೇ ಸ್ಥಿತಿಯಲ್ಲಿಡುವಂಥದು. ಇಲ್ಲಿ ಅಳಿದುದು ಅಲ್ಲಿಯೂ ಅಳಿಯಿತು! ಅಳಿಸಿದ ಕಡತವನ್ನು ಇಂಥ ಸೇವೆಗಳು ಕೆಲವು ದಿನ ಕಾದಿರಿಸುವುದುಂಟು. ಆಕೆ ಹುಡುಕುವ ವೇಳೆಗೆ ಅವಧಿ ಮೀರಿತ್ತು. ತಪ್ಪೆಲ್ಲ ಬಳಸುವವರದೇ ಎಂದೂ ಅಲ್ಲ. ೨೦೨೧ರ ಮಾರ್ಚಿಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾದಾಗ, ಬೇರೆಡೆ ಪ್ರತಿ ಇರಿಸದಿದ್ದ ಕೆಲವು ಗ್ರಾಹಕರು ತಮ್ಮ ದತ್ತಾಂಶವನ್ನು ಮರಳಿ ಪಡೆಯಲಾಗದೆ ಹೋದರು.

ಆದುದರಿಂದ ಕಡತವನ್ನು ಸಾಗಿಸುವ ಮುನ್ನ, ಅದನ್ನು ಮತ್ತೆ ಸಂಪಾದಿಸಬಹುದೆ ಎಂದು ಕೇಳಿಕೊಳ್ಳಬೇಕೆಂಬುದು ನನ್ನ ಮತ. ಚಲನಚಿತ್ರಗಳನ್ನೂ ತಂತ್ರಾಂಶಗಳನ್ನೂ ಧಾರಾಳವಾಗಿ ಕಳುಹಿಸಬಹುದು (ಡಿಸ್ಕು ತುಂಬುವುದು ಬಹುಪಾಲು ಇವುಗಳಿಂದಲೇ!). ಸ್ವಂತ ಅಳತೆ, ಸ್ವಂತ ಬರಹ, ಮನೆಯ ಹಿರಿಯರ ಛಾಯಾಚಿತ್ರ ಇವು ಕ್ಲೌಡಿನಲ್ಲಿಯೂ ಇರಲಿ, ಕಪಾಟಿನಲ್ಲಿಟ್ಟ ಪ್ರತ್ಯೇಕ ಡಿಸ್ಕಿನಲ್ಲಿಯೂ ಇರಲಿ. ಆ ವಿದ್ಯಾರ್ಥಿನಿಯ ಅಳತೆಗಳಲ್ಲಿ ಪೆನ್ಸಿಲಿನಿಂದ ನೋಟುಬುಕ್ಕಿನಲ್ಲಿ ಬರೆದಿದ್ದ ಮೊದಲ ಎರಡು ವಾರದವು ಮಾತ್ರ ಉಳಿದಿವೆ. ಮಿಕ್ಕವನ್ನು ಆಕೆ ಈಗ ಮತ್ತೆ ಅಳೆಯುತ್ತಿದ್ದಾಳೆ.