ಊರೂರು ಸುತ್ತಿದ ಕೊರಳು

ಹಾಡುವವರು ಸಿಕ್ಕರೆ ನಮ್ಮ ರಸಿಕರು ಮೊದಲು ಕೇಳುವುದು, ‘ಯಾರ ಹತ್ತಿರ ಕಲಿತದ್ದು?’ ಎಂದು. ತಪ್ಪೇನಿಲ್ಲ. ಆದರೆ ಬಿಂದುಮಾಲಿನಿಯವರ ಹಾಡು ಕೇಳಿದ ಮೇಲೆ, ‘ಎಲ್ಲೆಲ್ಲಿ ತಿರುಗಿದ್ದು?’ ಎಂದು ಕೇಳಬೇಕು ಅನ್ನಿಸುತ್ತದೆ.

ಮೂಲ ಚೆನ್ನೈ. ಕರ್ನಾಟಕ ಸಂಗೀತ ಕಲಿತರು, ಹಿಂದೂಸ್ತಾನಿಯನ್ನೂ ಕಲಿತರು. ನಡುವೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಗ್ರಾಫಿಕ್ ಡಿಸೈನ್ ಓದಿದರು. ಆಮೇಲೆ ಬೆಂಗಳೂರು. ವೇದಾಂತ್ ಭಾರದ್ವಾಜರ ಗಿಟಾರಿನ ಜೊತೆ ಕಬೀರನನ್ನು ಹಾಡಿ ‘ಸುನೋ ಭಾಯಿ’ ಆಲ್ಬಂ ತಂದರು. ಅದೇ ಜೋಡಿ 2017ರಲ್ಲಿ ತಮಿಳಿನ ‘ಅರುವಿ’ ಚಿತ್ರಕ್ಕೆ ಸಂಗೀತ ಕೊಟ್ಟಿತು. ಮರುವರ್ಷ ಕನ್ನಡದಲ್ಲಿ ಬಂದದ್ದು ಮಂಸೋರೆಯವರ ‘ನಾತಿಚರಾಮಿ’ ಚಿತ್ರ. ಗಂಡನನ್ನು ಕಳೆದುಕೊಂಡ ಗೌರಿಯೆಂಬ ಹೆಣ್ಣಿನ ದೇಹ, ಮನಸ್ಸುಗಳ ತಾಕಲಾಟದ ಕಥೆ ಅದು. ಅದರ ‘ಮಾಯಾವಿ ಮನವೆ’ ಹಾಡಿಗೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಬಿಂದುಮಾಲಿನಿ ಅತ್ಯುತ್ತಮ ಹಿನ್ನೆಲೆ ಗಾಯಕಿಯಾದರು. ಆ ಹಾಡನ್ನು ಇಯರ್‌ಫೋನ್ ಹಾಕಿಕೊಂಡು ಕೇಳಬೇಕು. ತಾರಸ್ಥಾಯಿಗೆ ಜಿಗಿದು ಚಪ್ಪಾಳೆ ಗಿಟ್ಟಿಸುವ ಆತುರ ಆ ದನಿಗಿಲ್ಲ. ಶಾಸ್ತ್ರೀಯ ಶಿಕ್ಷಣ ಇದೆ, ಆದರೆ ಅದರ ಪ್ರದರ್ಶನವಿಲ್ಲ. ಭಜನೆಗೆ ಕೂತು ಹಾಡಿದವರಿಗೆ ಬರುವ ಸಂಯಮ ಅದೆಂದು ನನ್ನ ಗುಮಾನಿ.

ಹಾಡುಗಾರರು ಹೀಗೆ ತಿರುಗಾಡಿ ಕಲಿಯುವುದು ಕನ್ನಡಕ್ಕೆ ಹೊಸದೇ? ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಂಕಾಳಿಮಠ ಎಂಬ ಹುಡುಗ ಮುಂದೆ ಕುಮಾರ ಗಂಧರ್ವರಾದದ್ದು ಎಲ್ಲರಿಗೂ ಗೊತ್ತು. ಕ್ಷಯ ಹಿಡಿದು ಮಧ್ಯಪ್ರದೇಶದ ದೇವಾಸ್‌ನಲ್ಲಿ ವರ್ಷಗಟ್ಟಲೆ ಮಲಗಿದ್ದಾಗ ಅವರ ಕಿವಿಗೆ ಬಿದ್ದದ್ದು ಮಾಳವದ ಜನಪದ ಹಾಡು. ಎದ್ದ ಮೇಲೆ ಹಾಡಿದ ಕಬೀರನ ನಿರ್ಗುಣ ಭಜನೆಗಳಲ್ಲಿ ಆ ನೆಲದ ದನಿ ಇತ್ತು. ಅದನ್ನು ಯಾವ ಘರಾಣೆಯೂ ಅವರಿಗೆ ಕೊಟ್ಟಿರಲಿಲ್ಲ.

ಬೇರೆ ಬೇರೆ ನೆಲದ ದನಿಗಳು ಹೀಗೆ ಒಂದೇ ಕೊರಳಲ್ಲಿ ಸೇರುವುದನ್ನು ವಿಜಯಪುರದವರಿಗಂತೂ ಬಿಡಿಸಿ ಹೇಳಬೇಕಿಲ್ಲ. (ಗೋಳಗುಮ್ಮಟದ ವಿಜಯಪುರವಲ್ಲ; ದೇವನಹಳ್ಳಿ ತಾಲ್ಲೂಕಿನದು, ಹಳಬರ ವಡಿಗೇನಹಳ್ಳಿ.) ಹಲವು ಗೂಡಿನ ಎಳೆ ಸೇರಿ ಒಂದು ನೂಲಾಗುವ ರೇಷ್ಮೆಯ ಹೋಲಿಕೆಯನ್ನು ಇಲ್ಲಿ ತರುವ ಆಸೆಯಾಗುತ್ತದೆ. ಆದರೆ ದಿನಾ ರೀಲಿಂಗ್ ಬಿಸಿನೀರಿಗೆ ಕೈಹಾಕುವವರ ಮುಂದೆ ಅದನ್ನು ಹೇಳಲು ಸಂಕೋಚ. ಅದಕ್ಕಿಂತ ಪಕ್ಕದ ಕೈವಾರದ ನಾರೇಯಣ ತಾತಯ್ಯನವರ ನೆನಪೇ ವಾಸಿ. ಊರೂರಿಗೆ ಬಳೆ ಮಾರುತ್ತ ನಡೆದ ಮನುಷ್ಯ; ತಾವೇ ಕಟ್ಟಿದರು, ತಾವೇ ಹಾಡಿದರು, ಕನ್ನಡದಲ್ಲೂ ತೆಲುಗಿನಲ್ಲೂ. ಈ ಸೀಮೆಯ ಭಜನೆಗಳಲ್ಲಿ ಇವತ್ತಿಗೂ ತಂಬೂರಿ, ತಾಳಗಳ ನಡುವೆ ಅವರ ತೆಲುಗು ಪದ ಎದ್ದರೆ, ಮನೆಯಲ್ಲಿ ಕನ್ನಡ ಆಡುವವರೂ ಪಲ್ಲವಿ ಎತ್ತಿಕೊಳ್ಳುತ್ತಾರೆ. ಭಾಷೆ ಯಾವುದೆಂದು ಯಾರೂ ತಕರಾರು ತೆಗೆಯುವುದಿಲ್ಲ. ತಮಿಳು ನೆಲದ ಹೆಣ್ಣುಮಗಳೊಬ್ಬಳು ಕಬೀರನನ್ನು ಹಿಂದಿಯಲ್ಲೂ ಗೌರಿಯ ಸಂಕಟವನ್ನು ಕನ್ನಡದಲ್ಲೂ ಹಾಡುವುದನ್ನು ಅರ್ಥ ಮಾಡಿಕೊಳ್ಳಲು ಇಂಥ ಕಿವಿ ಬೇಕು. ರಾಜಧಾನಿಯ ಸಭಾಂಗಣಗಳಿಗಿಂತ ಅದು ಈ ಗಡಿಸೀಮೆಯಲ್ಲಿ ಹೆಚ್ಚಾಗಿದೆ ಎನ್ನುವುದೇ ನನ್ನ ವಾದ.

ಆದರೂ ನಮ್ಮ ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಗಳಲ್ಲಿ ಏನು ನಡೆಯುತ್ತದೆ? ಅದೇ ರಸಮಂಜರಿ, ಅವೇ ಸಿನಿಮಾ ಹಾಡುಗಳು, ಎದೆ ನಡುಗಿಸುವ ಅವೇ ಸ್ಪೀಕರುಗಳು. ರಸಮಂಜರಿ ಬೇಡ ಅನ್ನುತ್ತಿಲ್ಲ, ಹುಡುಗರು ಕುಣಿಯಲಿ. ಅದು ಶುರುವಾಗುವ ಮುಂಚೆ ಒಂದು ಗಂಟೆ, ತಮ್ಮ ಹಾಡು ತಾವೇ ಕಟ್ಟಿಕೊಂಡು ತಿರುಗುವ ಇಂಥ ಗಾಯಕಿಯೊಬ್ಬರನ್ನು ಕರೆಸಿ, ಪಕ್ಕದಲ್ಲಿ ಊರಿನ ಭಜನೆಯವರನ್ನೂ ಕೂರಿಸಿ. ಈ ವರ್ಷದ ಸಮಿತಿಯವರು ಪಟ್ಟಿ ಅಚ್ಚು ಹಾಕಿಸುವ ಮೊದಲು ಇದನ್ನೊಮ್ಮೆ ಯೋಚಿಸಲಿ.