ಆದೇಶದ ದಾರಿ ಕಾಯುವ ಮಗು

ಸೊರಬ ಸೀಮೆಯ ಜಡೆಯಂಥ ಊರುಗಳಲ್ಲಿ ದತ್ತು ಎಂಬುದು ಬಹುಕಾಲ ಮನೆತನದೊಳಗಿನ ಮಾತಾಗಿತ್ತು. ಬಂಧುಗಳ ಸಮಕ್ಷಮದಲ್ಲಿ ಮಗುವನ್ನು ಕೊಟ್ಟು ಕೊಂಡರೆ ಆಯಿತು. 1956ರ ಹಿಂದೂ ದತ್ತಕ ಕಾಯಿದೆಯೂ ಈ ಕೊಡುಕೊಳ್ಳುವಿಕೆಯನ್ನೇ ಪ್ರಧಾನವೆಂದು ಎಣಿಸಿತು, ದತ್ತಹೋಮವನ್ನು ಕಡ್ಡಾಯಗೊಳಿಸಲಿಲ್ಲ.

ಆದರೆ ಅನಾಥ ಮಗುವೊಂದನ್ನು ಕಡಲಾಚೆಯ ದಂಪತಿಗಳಿಗೆ ಒಪ್ಪಿಸುವಾಗ ಸಾಕ್ಷಿಗೆ ಬಂಧುಗಳೆಲ್ಲಿ? ಆ ಸ್ಥಾನದಲ್ಲಿ ರಾಜ್ಯವೇ ನಿಲ್ಲಬೇಕು. ಇಂಥ ದತ್ತಿನಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ಕುರಿತು ನ್ಯಾಯವಾದಿ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ, ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಕಟ್ಟುಪಾಡುಗಳನ್ನು ವಿಧಿಸಿದ್ದು ಈ ಕಾರಣದಿಂದಲೇ.

ಕಾವಲು ಬೇಕು, ನಿಜ. ಅದು ವಿಳಂಬಕ್ಕೆ ನೆಪವಾಗಬಾರದು. 2015ರ ಬಾಲನ್ಯಾಯ ಕಾಯಿದೆಯು ಇತ್ಯರ್ಥಕ್ಕೆ ಎರಡು ತಿಂಗಳ ಗಡುವನ್ನು ಗೊತ್ತುಮಾಡಿತು. ಆದರೂ ನ್ಯಾಯಾಲಯಗಳಲ್ಲಿ ಅರ್ಜಿಗಳು ಉಳಿದುಕೊಂಡದ್ದರಿಂದ, 2021ರ ತಿದ್ದುಪಡಿಯು ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿಗಳಿಗೆ ವಹಿಸಿತು; 2022ರ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂದಿತು. ಶಿವಮೊಗ್ಗ ಜಿಲ್ಲೆಯ ಅರ್ಜಿಗಳೂ ಈಗ ಜಿಲ್ಲಾಧಿಕಾರಿಗಳ ಮುಂದೆಯೇ ಬರಬೇಕು. ಕೇಂದ್ರ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ದೊರೆತ ದಂಪತಿಗಳು ಆದೇಶವಾಗುವವರೆಗೆ ಮಗುವನ್ನು ಭಾರತದೊಳಗೇ ಇಟ್ಟುಕೊಂಡು ಪೋಷಿಸಬಹುದು. ತಮ್ಮ ದೇಶಕ್ಕೆ ಕರೆದೊಯ್ಯುವಂತಿಲ್ಲ.

ಅಧಿಕಾರದ ಕೈ ಬದಲಾದ ಮಾತ್ರಕ್ಕೆ ಕೆಲಸಕ್ಕೆ ವೇಗ ಬಂದೀತೆ? ಎಳೆಯ ಕೂಸಿಗೆ ಎರಡು ತಿಂಗಳು ಅಲ್ಪಕಾಲವಲ್ಲ. ಅಷ್ಟರಲ್ಲಿ ಅದು ಮುಖಗಳನ್ನು ಗುರುತಿಸಿ, ಒಬ್ಬರನ್ನು ತನ್ನವರೆಂದು ನಂಬಿರುತ್ತದೆ. ವಿಚಾರಣೆ ಎಷ್ಟು ಕಟ್ಟುನಿಟ್ಟೋ ಗಡುವಿನ ಪಾಲನೆಯೂ ಅಷ್ಟೇ ಕಟ್ಟುನಿಟ್ಟಾಗಿರಬೇಕು.